ಬೂದಿ ಬುಧವಾರದಿಂದ ತೆನೆಹಬ್ಬದಾಚೆಗೆ: ಹಿತ್ತಲಿನಲ್ಲೊಂದು ವರ್ಷದ ಆತ್ಮಸಾಧನೆ

ಬೇಕಾದದ್ದು ಇಷ್ಟು: ಒಂದು ಗುದ್ದಲಿ, ಎರಡು ಬುಟ್ಟಿ ಹಟ್ಟಿಗೊಬ್ಬರ, ನಾಲ್ಕು ಬಗೆ ತರಕಾರಿ ಬೀಜ, ಒಂದು ಬೈಬಲ್, ಒಂದು ನೂರು ಪುಟದ ನೋಟ್‌ಬುಕ್. ಜಾಗ ಹತ್ತಡಿ ಉದ್ದ, ನಾಲ್ಕಡಿ ಅಗಲ ಇದ್ದರೆ ಧಾರಾಳ. ಕಾರವಾರದಲ್ಲಿ ಫ್ಲ್ಯಾಟಿನಲ್ಲಿ ಇರುವವರು ಐದಾರು ಸಿಮೆಂಟ್ ಚೀಲಕ್ಕೆ ಮಣ್ಣು ತುಂಬಿ ತಾರಸಿಯಲ್ಲಿ ಇಟ್ಟುಕೊಂಡರೂ ನಡೆಯುತ್ತದೆ.

ಯೇಸುಸ್ವಾಮಿ ಹೇಳಿದ ಬಿತ್ತುವವನ ಸಾಮತಿಯನ್ನು, ಅಂದರೆ ದೃಷ್ಟಾಂತ ಕತೆಯನ್ನು, ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ದ್ರಾಕ್ಷಿಬಳ್ಳಿಯ ಮಾತನ್ನೂ ಕೇಳಿದ್ದೇವೆ. ಕೇಳಿ ತಲೆದೂಗಿ, ಪೂಜೆ ಮುಗಿಸಿ, ಮೀನು ಕೊಂಡು ಮನೆಗೆ ಹೋಗಿದ್ದೇವೆ. ಹೊನ್ನಾವರದ ಬದಿಯ ನನ್ನ ಹಿತ್ತಲಿನಲ್ಲಿ ಕೈ ಮಣ್ಣು ಮಾಡಿಕೊಂಡ ಮೇಲೆ ನನಗೆ ಗೊತ್ತಾದದ್ದು, ಆ ಸಾಮತಿಗಳು ಹೋಲಿಕೆಗಿಂತ ಹೆಚ್ಚಾಗಿ ಕೆಲಸದ ಪಟ್ಟಿ ಎಂಬುದು. ಆದ್ದರಿಂದ ಈ ಮಾರ್ಗದರ್ಶಿಯನ್ನು ಓದಿ ಮುಗಿಸಬೇಡಿ, ಗುದ್ದಲಿ ಹಿಡಿದು ಮಾಡಿ. ಗಿಡದ ಕೆಲಸ ಮತ್ತು ಪ್ರಾರ್ಥನೆ ಎರಡೂ ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ ನಡೆಯಬೇಕು.

ಮೊದಲು ಕ್ಯಾಲೆಂಡರು

ನಮ್ಮ ಕರಾವಳಿಯ ಬೇಸಾಯದ ಕಾಲಕ್ಕೂ ದೇವಾಲಯದ ವರ್ಷಕ್ಕೂ ಒಂದು ವಿಚಿತ್ರ ಹೊಂದಾಣಿಕೆ ಇದೆ. ಪಾಸ್ಖ (ಈಸ್ಟರ್) ಹಬ್ಬಕ್ಕೆ ಮುಂಚಿನ ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ ಬರುವುದು ಫೆಬ್ರವರಿ 4ರಿಂದ ಮಾರ್ಚ್ 10ರ ಒಳಗೆ, ಅಂದರೆ ಮಣ್ಣು ಒಣಗಿ ಅಗೆಯಲು ಹದವಾಗಿರುವ ಹೊತ್ತಿಗೆ. ಪಾಸ್ಖ ಹಬ್ಬದ ನಂತರದ ಏಳು ವಾರ ಬಿರುಬೇಸಿಗೆ, ನೀರು ಹೊರುವ ಕಾಲ. ಪೆಂಟಕೋಸ್ಟ್, ಅಂದರೆ ಪವಿತ್ರಾತ್ಮರ ಹಬ್ಬ, ಮೇ 10ರಿಂದ ಜೂನ್ 13ರ ನಡುವೆ ಎಲ್ಲಾದರೂ ಬೀಳುತ್ತದೆ. ಮುಂಗಾರು ಬರುವುದೂ ಅದರ ಆಸುಪಾಸಿನಲ್ಲೇ. ಸೆಪ್ಟೆಂಬರ್ 8, ಕನ್ಯಾಮರಿಯಮ್ಮನವರ ಜನನದ ಹಬ್ಬ, ನಮಗೆ ತೆನೆಹಬ್ಬ. ಯೇಸುಸ್ವಾಮಿಯ ನಾಡಿನಲ್ಲಿ ಮಳೆ ಶುರುವಾಗುವುದು ಅಕ್ಟೋಬರ್ ನವೆಂಬರಿನಲ್ಲಿ, ಬಿತ್ತನೆಯೂ ಆಗಲೇ. ಅಲ್ಲಿನ ರೈತರಿಗೆ ಪವಿತ್ರಾತ್ಮರ ಹಬ್ಬ ಗೋಧಿ ಕೊಯ್ಲಿನ ಹಬ್ಬ. ನಮಗೆ ಮೊದಲ ಮಳೆಯ ಹಬ್ಬ. ಈ ಭಾಗ್ಯ ನಮ್ಮದು ಮಾತ್ರ, ಬಳಸಿಕೊಳ್ಳದೆ ಬಿಡಬಾರದು.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಈ ನಾಲ್ಕು ದಿನಾಂಕ ಬರೆಯಿರಿ. ಪ್ರತಿ ಪುಟದ ಎಡಕ್ಕೆ ಹಿತ್ತಲಿನ ವಿಷಯ, ಬಲಕ್ಕೆ ಒಳಗಿನ ವಿಷಯ. ಎರಡು ಸಾಲು ಸಾಕು.

ಒಂದನೇ ಹೆಜ್ಜೆ: ಮಣ್ಣು ನೋಡುವುದು

ಅಗೆಯುವ ಮೊದಲು ಒಂದು ವಾರ ಸುಮ್ಮನೆ ನೋಡಿ. ಮತ್ತಾಯನ ಶುಭಸಂದೇಶದ 13ನೇ ಅಧ್ಯಾಯ ಓದಿಕೊಂಡು ಮನೆಯ ಸುತ್ತ ಒಂದು ಸುತ್ತು ಬನ್ನಿ. ಬಿತ್ತುವವನ ಬೀಜ ಬಿದ್ದ ನಾಲ್ಕೂ ಬಗೆಯ ನೆಲ ಅಲ್ಲೇ ಇದೆ. ಓಡಾಡಿ ಗಟ್ಟಿಯಾದ ಅಂಗಳ ದಾರಿಯ ನೆಲ: ಬೀಜ ಚೆಲ್ಲಿದರೆ ಕೋಳಿಯ ಪಾಲು. ಬಾವಿಯಾಚೆ ಜಂಬಿಟ್ಟಿಗೆ ಕಲ್ಲಿನ ಮೇಲೆ ನಾಲ್ಕು ಬೆರಳು ಮಣ್ಣು: ಜೂನಿನಲ್ಲಿ ಎಲ್ಲರಿಗಿಂತ ಮೊದಲು ಹಸಿರಾಗುವುದೂ ಅದೇ, ಅಕ್ಟೋಬರಿನಲ್ಲಿ ಮೊದಲು ಕಂದುವುದೂ ಅದೇ. ಬೇಲಿಯ ಮೂಲೆಯಲ್ಲಿ ಕಮ್ಯುನಿಸ್ಟ್ ಗಿಡ, ನಾಚಿಕೆ ಮುಳ್ಳು. ಬಚ್ಚಲ ನೀರು ಹರಿಯುವಲ್ಲಿ ಅಜ್ಜಿಯ ಕಾಲದಿಂದ ಬಸಳೆ ಹಬ್ಬಿದ ಕಪ್ಪು ಮಣ್ಣು.

ನಾನು ಬಹಳ ವರ್ಷ ಈ ಸಾಮತಿಯನ್ನು ನಾಲ್ಕು ಬಗೆಯ ಜನರ ಕತೆ ಎಂದುಕೊಂಡಿದ್ದೆ, ಮತ್ತು ನಾನು ನಾಲ್ಕನೆಯ ಗುಂಪು ಎಂದು ನನಗೆ ಅನುಮಾನವೇ ಇರಲಿಲ್ಲ. ಐದು ಗುಂಟೆ ಹಿತ್ತಲಿನಲ್ಲೇ ನಾಲ್ಕೂ ಇವೆಯಲ್ಲ ಅನ್ನಿಸಿದ ದಿನ ಓದು ಬದಲಾಯಿತು. ಹಾಗಾಗಿ ಈ ವಾರದ ಕೆಲಸ: ಬಲಬದಿಯ ಪುಟದಲ್ಲಿ ನಾಲ್ಕು ಗೆರೆ ಎಳೆದು ನಿಮ್ಮ ಬದುಕಿನ ನಾಲ್ಕು ಜಾಗ ಬರೆಯಿರಿ. ಯಾರ ಮಾತೂ ಒಳಗೆ ಇಳಿಯದಂತೆ ಗಟ್ಟಿಯಾದದ್ದು ಯಾವುದು? ನನಗೆ ಅದು ಆಸ್ತಿ ಪಾಲಿನ ವಿಷಯದಲ್ಲಿ ತಮ್ಮನ ಮೇಲಿನ ಸಿಟ್ಟು. ರಿಟ್ರೀಟ್ ಮುಗಿಸಿ ಬಂದ ವಾರ ಉಕ್ಕಿ, ಮರುವಾರ ಒಣಗುವುದು ಯಾವುದು? ಫೋನು, ಚೀಟಿ ವ್ಯವಹಾರ, ಮಗಳ ಮದುವೆಯ ಚಿಂತೆ ಹಬ್ಬಿಕೊಂಡ ಜಾಗ ಯಾವುದು? ನಾಲ್ಕನೆಯದನ್ನೂ ಬರೆಯಿರಿ. ಸಂಕೋಚ ಬೇಡ, ಒಳ್ಳೆಯ ಮಣ್ಣು ಎಲ್ಲರಲ್ಲೂ ಒಂದಿಷ್ಟು ಇರುತ್ತದೆ. ಬಿತ್ತನೆ ಶುರುವಾಗಬೇಕಾದ್ದು ಅಲ್ಲಿಂದಲೇ.

ಎರಡನೇ ಹೆಜ್ಜೆ: ತಪಸ್ಸು ಕಾಲದ ಅಗೆತ

ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಕೊಂಡು ಬಂದ ಸಂಜೆಯೇ ಗುದ್ದಲಿ ಹಿಡಿಯಿರಿ. ಒಂದು ಮೊಳ ಆಳ ಅಗೆದು, ಹೆಂಟೆ ಹಾಗೇ ಬಿಸಿಲಿಗೆ ಬಿಡಿ, ಪುಡಿ ಮಾಡಬೇಡಿ. ಬಿಸಿಲು ಬೇರುಗಳನ್ನೂ ಹುಳುಗಳನ್ನೂ ಸುಡುತ್ತದೆ. ಬೀಳುಬಿಟ್ಟ ನೆಲವನ್ನು ಉತ್ತು ಹಸನು ಮಾಡಿಕೊಳ್ಳಿ ಎಂದು ಪ್ರವಾದಿ ಹೊಶೇಯ ಹೇಳಿದ್ದು ಇದನ್ನೇ.

ನಮ್ಮ ಕೆಂಪು ಮಣ್ಣು ಹುಳಿ. 3000 ಮಿ.ಮೀ. ಆಸುಪಾಸಿನ ಮಳೆ ವರ್ಷವರ್ಷವೂ ಸುಣ್ಣದ ಅಂಶವನ್ನು ತೊಳೆದುಕೊಂಡು ಹೋಗುತ್ತದೆ. ಹುಳಿ ಮಣ್ಣಿಗೆ ಎಷ್ಟು ಗೊಬ್ಬರ ಸುರಿದರೂ ಗಿಡ ಅದನ್ನು ಪೂರ್ತಿ ಎಳೆದುಕೊಳ್ಳಲಾರದು. ಹಾಗಾಗಿ ಮೊದಲು ಸುಣ್ಣ. ಚಿಪ್ಪಿ ಸುಣ್ಣ ಸಿಕ್ಕಿದರೆ ಒಳ್ಳೆಯದು. ಚದರ ಮೀಟರಿಗೆ 200 ಗ್ರಾಂ ಮೀರದಂತೆ ಉದುರಿಸಿ ಮಣ್ಣಿಗೆ ಬೆರೆಸಿ. ಎರಡು ಮೂರು ವಾರ ಬಿಟ್ಟು ಗೊಬ್ಬರ. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರ ಗಾಳಿಗೆ ಹೋಗುತ್ತದೆ.

ಈ ಕ್ರಮವನ್ನು ನಾನು ಪ್ರಾರ್ಥನೆಯಲ್ಲಿ ತಪ್ಪಿಸಿದ್ದೆ. ಒಂದು ವರ್ಷ ತಪಸ್ಸು ಕಾಲಕ್ಕೆ ದಿನಕ್ಕೊಂದು ಗಂಟೆ ಪ್ರಾರ್ಥನೆ, ದಿನವೂ ಜಪಸರ, ಶುಕ್ರವಾರ ಉಪವಾಸ, ಶಿಲುಬೆಯ ಹಾದಿ ಎಲ್ಲ ಸುರಿದೆ. ಎರಡನೇ ವಾರಕ್ಕೆ ಎಲ್ಲವೂ ನಿಂತಿತು. ಮಣ್ಣಿನ ಹುಳಿ ತೆಗೆಯದೆ ಗೊಬ್ಬರ ಸುರಿದಿದ್ದೆ, ತಮ್ಮನ ಸಂಗತಿ ಹಾಗೇ ಇತ್ತು. ಆದ್ದರಿಂದ ಮೊದಲ ಎರಡು ವಾರ ಬೇರೇನನ್ನೂ ಸೇರಿಸಬೇಡಿ. ರಾತ್ರಿ ಹತ್ತು ನಿಮಿಷ ಆತ್ಮಶೋಧನೆ, ನಂತರ ಒಂದು ಒಳ್ಳೆಯ ಪಾಪನಿವೇದನೆ. ಆಮೇಲೆ ಒಂದೇ ಒಂದು ಅಭ್ಯಾಸ, ನಿಭಾಯಿಸಲು ಆಗುವಷ್ಟು.

ಮೂರನೇ ಹೆಜ್ಜೆ: ಗೊಬ್ಬರಗುಂಡಿ

ಲೂಕನ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಒಂದು ಅಂಜೂರದ ಮರ. ಮೂರು ವರ್ಷವಾದರೂ ಕಾಯಿಲ್ಲ. ಯಜಮಾನ ಕಡಿಯೆನ್ನುತ್ತಾನೆ. ತೋಟಗಾರ ಇನ್ನೊಂದು ವರ್ಷ ಕೇಳಿ, ಬುಡ ಅಗೆದು ಗೊಬ್ಬರ ಹಾಕುತ್ತೇನೆ ಅನ್ನುತ್ತಾನೆ. ಮುಂದೆ ಮರ ಕಾಯಿ ಬಿಟ್ಟಿತೋ ಇಲ್ಲವೋ, ಸಾಮತಿ ಹೇಳುವುದಿಲ್ಲ. ನನಗೆ ಇಡೀ ಬೈಬಲಿನಲ್ಲಿ ಅತಿ ಇಷ್ಟದ ತೋಟಗಾರ ಈತ. ಆತ ಕೇಳಿದ್ದು ಪವಾಡವನ್ನಲ್ಲ, ಸಗಣಿಯನ್ನು.

ಗುಂಡಿ ಮೂರಡಿ ಚೌಕ, ಎರಡಡಿ ಆಳ. ಶಿರಸಿ ಸೀಮೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅಡಿಕೆ ತೋಟಕ್ಕೆಂದು ಗೊಬ್ಬರದ ಸೊಪ್ಪು ತರುವ ಕಾಡನ್ನೇ, ಸೊಪ್ಪಿನ ಬೆಟ್ಟವನ್ನೇ, ಕಾದುಕೊಂಡು ಬಂದವರು ಅವರು. ನಾವು ಬಯಲಿನವರು ದರಕು, ಅಂದರೆ ಒಣ ಎಲೆ, ಗುಡಿಸಿ ಬೆಂಕಿ ಹಾಕಿಬಿಡುತ್ತೇವೆ. ಹಾಕಬೇಡಿ. ಒಂದು ಪದರ ದರಕು, ಒಂದು ಪದರ ಅಡುಗೆಮನೆಯ ಕಸ ಮತ್ತು ಮೀನಿನ ತ್ಯಾಜ್ಯ, ಮೇಲೊಂದು ತೆಳು ಪದರ ಸಗಣಿನೀರು. ಮೀನು ಹಾಕಿದ ದಿನ ಮೇಲೆ ಮಣ್ಣು ಮುಚ್ಚಿ, ಇಲ್ಲದಿದ್ದರೆ ರಾತ್ರಿ ನಾಯಿ ಎಲ್ಲವನ್ನೂ ಅಂಗಳಕ್ಕೆ ತರುತ್ತದೆ. ಹದಿನೈದು ದಿನಕ್ಕೊಮ್ಮೆ ತಿರುವಿ. ಮೂರು ನಾಲ್ಕು ತಿಂಗಳಿಗೆ ವಾಸನೆ ಹೋಗಿ, ಹಿಡಿದರೆ ಮೊದಲ ಮಳೆಯ ಮಣ್ಣಿನ ಹಾಗಿರುತ್ತದೆ.

ನೋಟ್‌ಬುಕ್ಕಿನ ಹಿಂದಿನ ನಾಲ್ಕು ಪುಟ ನಿಮ್ಮ ಗುಂಡಿ. ಸೋತದ್ದು, ನಾಚಿಕೆಯಾದದ್ದು, ಸತ್ತವರ ನೆನಪು, ಕ್ಷಮೆ ಕೇಳಲಾರದೆ ಹೋದದ್ದು, ಎಲ್ಲವನ್ನೂ ಅಲ್ಲಿ ಬರೆಯಿರಿ. ದಿನವೂ ಓದಬೇಡಿ. ಹಸಿ ಗೊಬ್ಬರ ಬೇರು ಸುಡುತ್ತದೆ. ಹೊಸ ದುಃಖವನ್ನು ಆಗಲೇ ಪಾಠ ಮಾಡಿಕೊಳ್ಳ ಹೊರಟವರು ಸುಟ್ಟುಕೊಂಡದ್ದನ್ನು ನೋಡಿದ್ದೇನೆ. ಹದಿನೈದು ದಿನಕ್ಕೊಮ್ಮೆ ತಿರುವಿ ನೋಡಿ, ಪ್ರಾರ್ಥಿಸಿ, ಮುಚ್ಚಿಡಿ.

ನಾಲ್ಕನೇ ಹೆಜ್ಜೆ: ನೀರು

ಪಾಸ್ಖ ಹಬ್ಬದ ವಾರ ಬಸಳೆ ನೆಡಿ. ಬಲಿತ ಬಳ್ಳಿಯಿಂದ ಮೂರು ಗೆಣ್ಣಿನ ತುಂಡು, ಎರಡು ಗೆಣ್ಣು ಮಣ್ಣಿನೊಳಗೆ. ಇನ್ನು ಮಳೆ ಬರುವ ತನಕ ನಿಮ್ಮ ಕೆಲಸ ನೀರು ಹೊರುವುದು.

16ನೇ ಶತಮಾನದ ಸ್ಪೇನಿನ ಅವಿಲಾ ಊರಿನ ಸಂತ ತೆರೇಸಾ ತಮ್ಮ ಜೀವನವನ್ನು ಬರೆಯುತ್ತ ಪ್ರಾರ್ಥನೆಯನ್ನು ತೋಟಕ್ಕೆ ನೀರು ಹಾಯಿಸುವ ನಾಲ್ಕು ವಿಧಾನಗಳಿಗೆ ಹೋಲಿಸಿದ್ದಾರೆ. ಒಂದು, ಬಾವಿಯಿಂದ ಕೈಯಲ್ಲಿ ಸೇದಿ ಹೊಯ್ಯುವುದು. ಎರಡು, ಚಕ್ರ ತಿರುಗಿಸಿ ಕಾಲುವೆಗೆ ನೀರೆತ್ತುವುದು. ಮೂರು, ಹೊಳೆ ಅಥವಾ ತೊರೆಯ ನೀರು ತಾನಾಗಿ ಹರಿಯುವುದು. ನಾಲ್ಕು, ಮಳೆ. ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ನಾಲ್ಕೂ ಗೊತ್ತು. ಕರಾವಳಿಯ ರಾಟೆ ಬಾವಿ, ಏತ, ಘಟ್ಟದ ಮೇಲೆ ಅಡಿಕೆ ದಬ್ಬೆಯಲ್ಲಿ ಮನೆಯ ತನಕ ಬರುವ ಅಬ್ಬಿ ನೀರು, ಆಮೇಲೆ ಜೂನಿನ ಮಳೆ. ಶಿರಸಿಯ ಹಳ್ಳಿಯಲ್ಲಿ ರಾತ್ರಿಯಿಡೀ ತೊಟ್ಟಿಗೆ ಸುರಿಯುವ ಅಬ್ಬಿ ನೀರಿನ ಸದ್ದು ಕೇಳಿ ಮಲಗಿದವರಿಗೆ ತೆರೇಸಾ ಹೇಳುವ ಮೂರನೆಯ ಪ್ರಾರ್ಥನೆ ಏನೆಂದು ವಿವರಿಸಬೇಕಿಲ್ಲ.

ಆದರೆ ನಾವು ಶುರು ಮಾಡುವುದು ಕೊಡಪಾನದಿಂದಲೇ. ಬೆಳಿಗ್ಗೆ ಬಿಸಿಲೇರುವ ಮೊದಲು ಎರಡು ಕೊಡ, ಸಂಜೆ ಎರಡು ಕೊಡ. ಒಂದು ಕೊಡಕ್ಕೆ ಒಂದು ಪರಲೋಕ ಪ್ರಾರ್ಥನೆ, ನಿಧಾನವಾಗಿ. ಪಂಪ್ ಇದ್ದರೂ ಈ ಏಳು ವಾರ ಸ್ವಿಚ್ ಒತ್ತಬೇಡಿ. ಬೆನ್ನುನೋವಿನವರಿಗೆ ವಿನಾಯಿತಿ, ನನಗೂ ಈಗ ಅದೇ ವಿನಾಯಿತಿ. ಮೇ ತಿಂಗಳಲ್ಲಿ ಕೊಡ ತಳ ಮುಟ್ಟಿ ಕೆಸರಷ್ಟೇ ಬರುವ ದಿನಗಳಿರುತ್ತವೆ. ಪ್ರಾರ್ಥನೆಯಲ್ಲೂ ಇರುತ್ತವೆ: ಶಬ್ದ ಬರುತ್ತದೆ, ರುಚಿ ಇರುವುದಿಲ್ಲ. ಖಾಲಿ ಬರುವ ಕೊಡವನ್ನೂ ಇಳಿಸುತ್ತಲೇ ಇರಬೇಕು ಎಂಬುದು ತೆರೇಸಾ ಮಾತಿನ ಸಾರ. ತೋಟ ಯಾರದೋ ಅವರಿಗೆ ಬಾವಿ ಬತ್ತಿದ್ದು ಗೊತ್ತಿದೆ.

ಐದನೇ ಹೆಜ್ಜೆ: ಬೀಜ ಆರಿಸಿ ಬಿತ್ತುವುದು

ಅಂಕೋಲೆ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಬಾಳೆಲ್ಲ ಸಸಿ ಬೆಳೆಸಿ, ಪದ್ಮಶ್ರೀ ಪಡೆದಾಗಲೂ ಬರಿಗಾಲಲ್ಲೇ ನಡೆದುಹೋದವರು. ಕಾಡಿನಲ್ಲಿ ತಾಯಿಮರ ಯಾವುದೆಂದು ಗುರುತಿಸಿ ಅದರಿಂದಲೇ ಬೀಜ ತರುವುದು ಅವರಿಗೆ ಸಿದ್ಧಿಸಿತ್ತು. ಕೈಗೆ ಸಿಕ್ಕ ಬೀಜವನ್ನೆಲ್ಲ ಬಿತ್ತುವುದು ಅವರ ಪದ್ಧತಿಯಲ್ಲ.

ದೇವರ ವಾಕ್ಯದಲ್ಲೂ ಹಾಗೆ ಮಾಡಿ. ದಿನಕ್ಕೊಂದು ವಾಟ್ಸಾಪ್ ವಚನ ಬೀಳುವ ಕಾಲ ಇದು, ಅವು ಚೆಲ್ಲಿದ ಬೀಜ. ಮಳೆಗಾಲ ಪೂರ್ತಿಗೆ ಒಂದೇ ಅಧ್ಯಾಯ ಆರಿಸಿ, ಮತ್ತಾಯನ 5 ಆಗಲಿ, ಲೂಕನ 15 ಆಗಲಿ. ಅದನ್ನೇ ಓದಿ, ಬಾಯಿಪಾಠ ಬರುವ ತನಕ. ಜತೆಗೆ ಒಂದು ಎಚ್ಚರ: ಇಷ್ಟು ಹಣ ಬಿತ್ತಿದರೆ ನೂರ್ಮಡಿ ಸಿಗುತ್ತದೆ ಎಂದು ಬೋಧಿಸುವವರ ಬೀಜ ಬೇಡ. ಸಾಮತಿಯಲ್ಲಿ ಬೀಜ ಅಂದರೆ ವಾಕ್ಯ, ನೋಟಲ್ಲ.

ಹಿತ್ತಲಿಗೆ ಹಾಗಲ, ಹೀರೆ, ಬೆಂಡೆ, ಮೊಗೆಕಾಯಿ. ಹಾಗಲದ ಬೀಜವನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ, ತೇಲಿದ್ದನ್ನು ಎಸೆಯಿರಿ. ಮಣ್ಣನ್ನು ಒಂದಡಿ ಎತ್ತರದ ಏರುಮಡಿ ಮಾಡಿ, ಇಲ್ಲದಿದ್ದರೆ ಜುಲೈನಲ್ಲಿ ಬೇರು ಕೊಳೆಯುತ್ತದೆ. ಬೀಜದ ದಪ್ಪದ ಎರಡರಷ್ಟು ಆಳ ಸಾಕು. ಪೆಂಟಕೋಸ್ಟ್ ಹಬ್ಬದಂದು ಮನೆಯವರೆಲ್ಲ ಸೇರಿ ಬಿತ್ತಿ. ಮಳೆ ಹಿಡಿದಿಲ್ಲದಿದ್ದರೆ ಕಾಯಿರಿ, ಒಂದು ಅಡ್ಡಮಳೆಗೆ ಮೋಸಹೋಗಬೇಡಿ.

ನಂತರದ ಕೆಲಸ ಎಲ್ಲಕ್ಕಿಂತ ಕಷ್ಟದ್ದು: ಕೈಕಟ್ಟಿ ಕೂರುವುದು. ಮೊದಲ ವರ್ಷ ಐದನೇ ದಿನಕ್ಕೇ ಕಡ್ಡಿಯಿಂದ ಕೆದಕಿ ನೋಡಿದ್ದೆ, ಬೇಲಿಯಾಚೆಯಿಂದ ನೆರೆಮನೆಯ ಹಾಲಕ್ಕಿ ಸಮುದಾಯದ ಅಜ್ಜಿ ಕಂಡಳು. "ಎಂತಕ್ಕೆ ಕೆದಕ್ತೀ ತಂಗಿ? ಯಾವಾಗ ಏಳ್ಬೇಕು ಅಂತ ಬೀಜಕ್ಕೆ ಗೊತ್ತಿಲ್ವ?" ಮಾರ್ಕನೊಬ್ಬನೇ ಬರೆದಿಟ್ಟ ಒಂದು ಸಾಮತಿ ಇದೆ, 4ನೇ ಅಧ್ಯಾಯದಲ್ಲಿ. ರೈತ ಬಿತ್ತಿ ಮಲಗುತ್ತಾನೆ, ಏಳುತ್ತಾನೆ. ಬೀಜ ಮೊಳೆತು ಬೆಳೆಯುತ್ತದೆ, ಹೇಗೆಂದು ಅವನಿಗೆ ತಿಳಿಯದು. ಮೊದಲು ಗರಿ, ಆಮೇಲೆ ತೆನೆ, ಆಮೇಲೆ ಕಾಳು. ಈ ಹತ್ತು ದಿನ ನೋಟ್‌ಬುಕ್ಕಿನ ಬಲಬದಿ ಖಾಲಿ ಬಿಡಿ. ಪ್ರಾರ್ಥನೆಯಿಂದ ನಾನು ಸುಧಾರಿಸಿದೆನೋ ಎಂದು ದಿನವೂ ಅಳೆಯುವುದು ಕಡ್ಡಿಯಲ್ಲಿ ಕೆದಕಿದ ಹಾಗೇ.

ಆರನೇ ಹೆಜ್ಜೆ: ದಣಪೆ, ಕಳೆ, ಕೊಳೆ

ಬೇಲಿ ಕಟ್ಟಿ ದಣಪೆ, ಅಂದರೆ ಬೇಲಿಯ ಬಾಗಿಲು, ಮುಚ್ಚದೆ ಮಲಗಿದರೆ ದನ ಎಲ್ಲವನ್ನೂ ಮೇಯುತ್ತದೆ. ನನ್ನ ದಣಪೆ ರಾತ್ರಿ ಒಂಬತ್ತಕ್ಕೆ ಬೀಳುತ್ತದೆ, ಫೋನು ಅಡುಗೆಮನೆಯ ಕಪಾಟಿನಲ್ಲಿ ಮಲಗುತ್ತದೆ. ಇದರ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ.

ಕಳೆಯ ಬಗ್ಗೆ ಹೇಳಬೇಕು. ಕಳೆಯನ್ನು ಸಣ್ಣದಿರುವಾಗ, ಮಳೆ ಬಿಟ್ಟ ಹೊತ್ತಿನಲ್ಲಿ, ಬೇರುಸಹಿತ ಕೀಳಬೇಕು ಎಂದು ಎಲ್ಲರೂ ಹೇಳುತ್ತಾರೆ. ಯೇಸುಸ್ವಾಮಿ ಹೇಳುವುದು ಬೇರೆ: ಗೋಧಿಯ ನಡುವಿನ ಕಳೆಯನ್ನು ಸುಗ್ಗಿಯ ತನಕ ಬಿಡಿ, ಕಳೆ ಕೀಳಲು ಹೋಗಿ ಗೋಧಿಯನ್ನೇ ಕಿತ್ತೀರಿ. ಆ ನಾಡಿನ ಆ ಕಳೆ ತೆನೆ ಬಿಡುವ ತನಕ ಗೋಧಿಯಂತೆಯೇ ಕಾಣುತ್ತದೆ, ನಮ್ಮ ಗದ್ದೆಯ ಕಾಡುಭತ್ತದ ಹಾಗೆ. ನಾನು ಎರಡನ್ನೂ ಹೀಗೆ ಹೊಂದಿಸಿಕೊಂಡಿದ್ದೇನೆ: ನನ್ನ ಮಡಿಯಲ್ಲಿ, ಖಚಿತವಾಗಿ ಕಳೆಯೆಂದು ಗೊತ್ತಿರುವುದನ್ನು ಇವತ್ತೇ ಕೀಳುವುದು. ಪಕ್ಕದವರ ಗದ್ದೆಗೆ ಇಳಿಯದಿರುವುದು. ನಮ್ಮ ಧರ್ಮಕೇಂದ್ರದ (ಚರ್ಚಿನ) ಜಗಳಗಳಲ್ಲಿ ಅರ್ಧ ಇದನ್ನು ತಿರುಗುಮುರುಗು ಮಾಡಿದ್ದರಿಂದ ಹುಟ್ಟಿದವು.

ಇನ್ನು ಕೊಳೆರೋಗ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವವರಿಗೆ ಇದು ಗೊತ್ತು: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಕಬ್ಬಿಣದ ಚೂರಿ ಅದ್ದಿ ನೋಡಿ, ಕೆಂಪು ಹತ್ತಿದರೆ ಇನ್ನೂ ಸುಣ್ಣ ಬೇಕು. ಮೊದಲ ಸಲ ಹೊಡೆಯಬೇಕಾದ್ದು ಮಳೆ ಹಿಡಿಯುವ ಮೊದಲು, ಮತ್ತೆ ನಲವತ್ತು ನಲವತ್ತೈದು ದಿನಕ್ಕೆ. ಕೊಳೆ ಬಂದು ಕಾಯಿ ಉದುರತೊಡಗಿದ ಮೇಲೆ ಮದ್ದು ಹೊಡೆದು ಪ್ರಯೋಜನ ಕಡಿಮೆ. ನಿಮಗೆ ಸೋಲು ಯಾವ ತಿಂಗಳು, ಯಾವ ಮದುವೆಮನೆ, ಯಾರ ಜತೆ ಬರುತ್ತದೆಂದು ಈ ಹೊತ್ತಿಗೆ ನೋಟ್‌ಬುಕ್ ಹೇಳುತ್ತದೆ. ಅದಕ್ಕೆ ಒಂದು ವಾರ ಮೊದಲೇ ಸಿದ್ಧರಾಗಿ.

ಏಳನೇ ಹೆಜ್ಜೆ: ತೆನೆಹಬ್ಬ

ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಹೂ ಕೊಯ್ದು ಮಾತೆಗೆ ಅರ್ಪಿಸುತ್ತಾರೆ. ನಿಮ್ಮ ಹಿತ್ತಲಿನ ಗೋರಟೆ, ದಾಸವಾಳ ಎಲ್ಲ ಬೋಳಾಗಲಿ, ಬೈಯಬೇಡಿ. 8ರಂದು ಆಶೀರ್ವಾದದ ತೆನೆ ಮನೆಗೆ ಬರುತ್ತದೆ. ಹೊಸ ಅಕ್ಕಿಯ ನಾಲ್ಕು ಕಾಳು ಹಾಲಿಗೆ, ಊಟಕ್ಕೆ ತರಕಾರಿ ಮಾತ್ರ. ಅಂದು ಬಡಿಸುವುದರಲ್ಲಿ ಒಂದಾದರೂ ನಿಮ್ಮ ಮಡಿಯದ್ದಾಗಲಿ. ಮೊದಲ ಕೊಯ್ಲಿನ ಅರ್ಧ ಕೊಟ್ಟುಬಿಡಿ. ನಾನು ಮೊದಲ ಮೊಗೆಕಾಯಿಯನ್ನು ತಮ್ಮನ ಮನೆಗೆ ಕಳಿಸಿದೆ. ಮಾತಿಲ್ಲದೆ ತೆಗೆದುಕೊಂಡರಂತೆ. ಮರುವಾರ ಬುಟ್ಟಿ ವಾಪಸ್ ಬಂತು, ಒಳಗೆ ಆರು ತೆಂಗಿನಕಾಯಿ.

ಇನ್ನೊಂದು ಮಾತು. 1983ರ ಅದೇ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡು ನಿಂತರು, ಅಪ್ಪಿಕೋ ಚಳವಳಿ ಶುರುವಾಯಿತು. ಅವರಿಗೆ ನಮ್ಮ ಹಬ್ಬದ ಲೆಕ್ಕವಿರಲಿಲ್ಲ. ನನಗೆ ಮಾತ್ರ ಆ ದಿನ ಊಟದ ಮುಂಚಿನ ಪ್ರಾರ್ಥನೆಯಲ್ಲಿ ಅವರ ನೆನಪಾಗುತ್ತದೆ.

ಎಂಟನೇ ಹೆಜ್ಜೆ: ಕತ್ತಿ

ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲ, ಆಮೇಲೆ ಕ್ರಿಸ್ಮಸ್ ಕಳೆದು, ಕಾಳುಮೆಣಸು ಕೊಯ್ದಾದ ಮೇಲೆ ಬಳ್ಳಿಯ ಬುಡ ನೋಡಿ. ತೆರೇಸಾ ಬದುಕಿದ್ದ ಕಾಲದಲ್ಲೇ ಗೇರುಸೊಪ್ಪೆಯನ್ನು ಆಳುತ್ತಿದ್ದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಸೀಮೆ ಇದು. ಫಲ ಕೊಡದ ಕವಲನ್ನು ತೋಟಗಾರ ಕತ್ತರಿಸುತ್ತಾನೆ ಎಂಬ ದ್ರಾಕ್ಷಿಬಳ್ಳಿಯ ಮಾತಿರುವುದು ಯೊವಾನ್ನನ 15ನೇ ಅಧ್ಯಾಯದಲ್ಲಿ; ದ್ರಾಕ್ಷಿ ನೋಡದ ನಮಗೆ ಅದು ತಿಳಿಯಲು ಮೆಣಸೇ ಸಾಕು. ಬುಡದಿಂದ ಹೊರಟು ನೆಲದಲ್ಲಿ ಹರಿಯುವ ಬಳ್ಳಿ ಎಲ್ಲಕ್ಕಿಂತ ಚುರುಕು, ಎಳೆ ಹಸಿರು, ನೋಡಲು ಚೆಂದ. ಅದರಲ್ಲಿ ಒಂದು ಕಾಳೂ ಹಿಡಿಯುವುದಿಲ್ಲ. ಕಾಯಿ ಬರುವುದು ಮರಕ್ಕೆ ಅಂಟಿ ಏರಿದ ಬಳ್ಳಿಯ ಪಕ್ಕದ ರೆಂಬೆಗಳಲ್ಲಿ.

ಹರಿಯುವುದನ್ನು ಕತ್ತರಿಸಿ. ಕತ್ತರಿಸುವಾಗ, ಕಳೆದ ವರ್ಷ ಒಪ್ಪಿಕೊಂಡ ಸಮಿತಿ, ಗಾಯನ ತಂಡ, ಪ್ರವಾಸದ ಉಸ್ತುವಾರಿ ಎಲ್ಲವನ್ನೂ ಒಂದೊಂದಾಗಿ ನೆನೆಯಿರಿ. ನಾನು ಮೂರನ್ನು ಬಿಟ್ಟೆ. ಮೂರೂ ದೇವರ ಕೆಲಸವೇ ಆಗಿದ್ದವು, ಅದಕ್ಕೇ ಬಿಡಲು ಕಷ್ಟವಾಯಿತು. ಕತ್ತರಿಸಿದ್ದನ್ನು ಎಸೆಯಬೇಡಿ: ಎರಡು ಮೂರು ಗೆಣ್ಣಿನ ತುಂಡು ಮಾಡಿ ಮಣ್ಣಿನ ತೊಟ್ಟೆಯಲ್ಲಿ ಊರಿದರೆ ಬೇರೆಯವರ ತೋಟಕ್ಕೆ ಸಸಿ. ನಾನು ಬಿಟ್ಟ ಗಾಯನ ತಂಡವನ್ನು ಈಗ ಇಪ್ಪತ್ತೆರಡರ ಹುಡುಗಿಯೊಬ್ಬಳು ನಡೆಸುತ್ತಾಳೆ. ನನಗಿಂತ ಚೆನ್ನಾಗಿ.

ಕೊನೆಯ ಕೆಲಸ

ಒಂದೊಂದು ಬಳ್ಳಿಯಲ್ಲೂ ಅತಿ ಚೆಂದದ ಒಂದು ಕಾಯಿಯನ್ನು ಕೊಯ್ಯದೆ ಹಣ್ಣಾಗಲು ಬಿಟ್ಟಿರಬೇಕು. ಅದರ ಬೀಜ ತೊಳೆದು, ನೆರಳಿನಲ್ಲಿ ಒಣಗಿಸಿ, ಒಲೆಯ ಬೂದಿ ಬೆರೆಸಿ, ಸೋರೆ ಬುರುಡೆಯಲ್ಲಿ ತುಂಬಿ ಅಟ್ಟಕ್ಕೆ ನೇತುಹಾಕಿ. ಬೂದಿ ತೇವ ಹೀರುತ್ತದೆ, ಹುಳು ತಡೆಯುತ್ತದೆ. ಫೆಬ್ರವರಿಯಲ್ಲಿ ಗುರುಗಳು ಹಿಂದಿನ ವರ್ಷ ಗರಿಗಳ ಭಾನುವಾರ ಕೊಟ್ಟ ಗರಿಗಳನ್ನು ತರಲು ಹೇಳುತ್ತಾರೆ, ದೇವರಪಟದ ಹಿಂದೆ ಸಿಕ್ಕಿಸಿಟ್ಟ ತೆಂಗಿನ ಗರಿ ಒಣಗಿ ಸುರುಳಿಯಾಗಿರುತ್ತದೆ. ಅದು ಸುಟ್ಟು ಬುಧವಾರ ನಮ್ಮ ಹಣೆಗೆ ಬರುತ್ತದೆ. ಆ ಸಂಜೆ ಹಣೆ ತೊಳೆಯುವ ಮುಂಚೆ ಬುರುಡೆ ಇಳಿಸಿ ಎಣಿಸುವುದು ನಮ್ಮ ಮನೆಯ ರೂಢಿ. ಹೋದ ಸಲ ಹಾಗಲದ ಎಂಟು ಬೀಜ ಜೊಳ್ಳಾಗಿತ್ತು. ಹದಿನಾಲ್ಕು ಗಟ್ಟಿ ಇದ್ದವು.